ಗಂಟೆಯ ಲಾಗಿನಲ್ಲಿ ದುಬೈ ಟೈಮ್

ನಾನು ಕಂಪ್ಯೂಟರ್ ರಿಪೇರಿಯವನು, ಕಂಡದ್ದನ್ನಷ್ಟೇ ಹೇಳುತ್ತೇನೆ. ಬೆಳ್ಮಣ್ ಕಡೆಯ ಒಂದು ಇಗರ್ಜಿಯಲ್ಲಿ ಯಾರಾದರೂ ಸತ್ತರೆ ಮರಣದ ಗಂಟೆ ಬಾರಿಸುವುದು ಈಗ ಕಂಪ್ಯೂಟರು. ಅವತ್ತು ಮಧ್ಯಾಹ್ನ ಹನ್ನೆರಡೂವರೆಗೆ ಅದು ತಾನಾಗಿಯೇ ಬಾರಿಸಿತು.

“ಯಾರೂ ಸತ್ತಿಲ್ಲ ಮಾರಾಯ, ಎಂತ ಆಯಿತು ನೋಡು,” ಎಂದರು ನನ್ನನ್ನು ಕರೆಸಿದ ಚರ್ಚ್ ಆಫೀಸಿನ ಇಮೆಲ್ಡಾ ಬಾಯಿ.

ಗಂಟೆ ಬಾರಿಸಿದ ಹೊತ್ತೆಲ್ಲ ದಾಖಲಾಗುವ ಲಾಗ್ ಫೈಲ್ ಹುಡುಕಿ ತೆರೆದೆ. ಹಳೆಯ ಸಾಲುಗಳೆಲ್ಲ ಸರಿಯಿದ್ದವು. ಇವತ್ತಿನದರಲ್ಲಿ ಮಾತ್ರ ಹನ್ನೊಂದು ಗಂಟೆ ಎಂದಿತ್ತು.

“ಅದು ದುಬೈ ಟೈಮ್, ನಮಗಿಂತ ಒಂದೂವರೆ ಗಂಟೆ ಹಿಂದೆ,” ಎಂದರು ಇಮೆಲ್ಡಾ ಬಾಯಿ ಮೆಲ್ಲಗೆ. “ನನ್ನ ಮಗ ಲೆಸ್ಟರ್ ಅಲ್ಲಿದ್ದಾನೆ.”

ಅಷ್ಟರಲ್ಲಿ ಅವರ ಮೊಬೈಲ್ ರಿಂಗಾಯಿತು. ದುಬೈ ನಂಬರು. ನಾನು ಎತ್ತಲು ಹೋದಾಗ ಕೈ ಹಿಡಿದರು. ಸೆಕೆಯಲ್ಲೂ ಅವರ ಬೆರಳು ತಣ್ಣಗಿತ್ತು.

“ಬೇಡ. ಎತ್ತುವವರೆಗೆ ಅವನು ಇದ್ದಾನೆ, ಅಲ್ವಾ?”

ರಿಂಗ್ ನಿಂತಿತು. ಗಂಟೆಯ ಲಾಗಿನಲ್ಲಿ, ಅದೇ ದುಬೈ ಟೈಮಿನಲ್ಲಿ, ಇನ್ನೊಂದು ಸಾಲು ಮೂಡಿತು: ‘ಮಮ್ಮಿ ಫೋನ್ ಎತ್ತಲಿಲ್ಲ.’