ಅಚ್ಚಾಗದ ಸಾಲು

ತಾರೀಕು ಹನ್ನೊಂದು, ಮಂಗಳವಾರ. ಬೆಳಿಗ್ಗೆ 9.40ಕ್ಕೆ ಆ ಹೆಂಗಸು ಠಾಣೆಗೆ ಬಂದಾಗ ಇನ್ಸ್‌ಪೆಕ್ಟರನ ಮೊದಲ ಲೋಟ ಚಹಾ ಇನ್ನೂ ಮುಗಿದಿರಲಿಲ್ಲ. ದೂರು ಕೊಡಲು ಬರುವವರು ಸಾಮಾನ್ಯವಾಗಿ ಬಾಗಿಲಲ್ಲೇ ಅರ್ಧ ಕುಗ್ಗಿರುತ್ತಾರೆ. ಈಕೆ ತಾನೇ ಕುರ್ಚಿ ಎಳೆದುಕೊಂಡು ಕೂತು, ಅಂಗೈ ದಪ್ಪದ ಫೈಲೊಂದನ್ನು ಮೇಜಿನ ಮೇಲಿಟ್ಟಳು.

ಆಕೆ ಕಾರು ಕಲಿಸುವ ಶಾಲೆಯ ಟೀಚರು. ಶಾಲೆಯೂ ಆಕೆಯದೇ, ಇರುವ ಒಂದು ಕಾರೂ ಆಕೆಯದೇ. ಕಲಿಸುವವರ ಕಾಲ ಬುಡದಲ್ಲೂ ಒಂದು ಬ್ರೇಕ್ ಇರುತ್ತದಲ್ಲ, ಅದರ ಹೆಸರಿನಲ್ಲಿ ‘ಎರಡನೇ ಬ್ರೇಕು’ ಎಂಬ ಬ್ಲಾಗ್ ಬರೆಯುತ್ತಿದ್ದಳು. ಸ್ಟೇರಿಂಗ್ ಹಿಡಿದರೆ ಬೆವರುವ ಸೊಸೆಯರು, ಹಿಂದಿನ ಸೀಟಿನಲ್ಲಿ ಕೂತು ಅಪ್ಪಣೆ ಕೊಡಿಸುವ ಗಂಡಂದಿರು, ಎಲ್ಲರೂ ಅದರಲ್ಲಿ ಹೆಸರಿಲ್ಲದೆ ಬಂದು ಹೋಗುತ್ತಿದ್ದರು. ನಲವತ್ತು ಸಾವಿರ ಜನ ಓದುತ್ತಿದ್ದರು. ಮೂಟೆಯ ಬಾಯಿ ಕಟ್ಟಬಹುದು, ಊರ ಬಾಯಿ ಕಟ್ಟಲಾಗದು ಎಂದು ಗೊತ್ತಿದ್ದುದರಿಂದ ಆಕೆ ಬಂದ ಬೈಗುಳಗಳನ್ನೆಲ್ಲ ಜೋಪಾನವಾಗಿ ಎತ್ತಿಟ್ಟು, ಶನಿವಾರ ಶನಿವಾರ ಅವಕ್ಕೆ ಲೈಸೆನ್ಸ್ ಪರೀಕ್ಷೆಯ ಹಾಗೆ ಅಂಕ ಕೊಟ್ಟು ಬ್ಲಾಗಿನಲ್ಲೇ ಹಾಕುತ್ತಿದ್ದಳು.

ಆದರೆ ಆರು ವಾರಗಳಿಂದ ಬರುತ್ತಿದ್ದವು ಬೇರೆ ಜಾತಿಯವು. ‘ಹಿತೈಷಿ’ ಎಂಬ ಖಾತೆಯಿಂದ ವಾರಕ್ಕೊಂದು ಸಂದೇಶ. ನಡುವೆ ಒಂದು ದಿನ ಅದೇ ಖಾತೆ ‘ಹದಿನಾಲ್ಕು ಪ್ರಶ್ನೆಗಳು’ ಎಂದು ಎಲ್ಲರಿಗೂ ಕಾಣುವಂತೆ ಹಾಕಿತ್ತು: ನಂಬಿ ಬಂದ ಕಲಿಯುವವರನ್ನು ಲೋಕದ ಮುಂದೆ ನಗೆಪಾಟಲು ಮಾಡುವ ಈಕೆಗೆ ಕಲಿಸುವ ಯೋಗ್ಯತೆ ಇದೆಯೇ? ಕೊನೆಗೆ ಮನೆಯ ವಿಳಾಸ, ಕಾರಿನ ನಂಬರು. ಎರಡು ಸಾವಿರ ಜನ ಅದನ್ನು ಹಂಚಿಕೊಂಡರು. ಇಪ್ಪತ್ತಾರು ಕಲಿಯುವವರಲ್ಲಿ ಹತ್ತೊಂಬತ್ತು ಮಂದಿ ಬರುವುದನ್ನೇ ಬಿಟ್ಟರು. ನಿನ್ನೆ ಮಧ್ಯಾಹ್ನ ಒಂದೂವರೆಯಿಂದ ಎರಡೂವರೆಯೊಳಗೆ, ಆಕೆ ಊಟಕ್ಕೆ ಹೋಗಿದ್ದಾಗ, ಕಾರಿನ ನಾಲ್ಕೂ ಟೈರು ನೆಲಕ್ಕೆ ಕೂತಿದ್ದವು. ನಾಲ್ಕು ಗಂಟೆಗೆ ಸಂದೇಶ ಬಂತು.

“ಇದೇ ಹದಿನೆಂಟನೆಯ ತಾರೀಕು, ಬೆಳಿಗ್ಗೆ ಹತ್ತು ಗಂಟೆಯೊಳಗೆ ನಿಮ್ಮ ಬ್ಲಾಗನ್ನು ಅಳಿಸಿಹಾಕಿ, ಇಲ್ಲವಾದರೆ, ಮುಂದಿನ ಸಲ ಟೈರಲ್ಲ, ಬ್ರೇಕು.”

ಇನ್ಸ್‌ಪೆಕ್ಟರ್ ಅದನ್ನು ಎರಡು ಸಲ ಓದಿದ. ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಅವನಿಗೆ ರೂಢಿಯಾಗಿದ್ದ ಸಲಹೆಯೊಂದಿತ್ತು, ಅದನ್ನೇ ಕೊಟ್ಟ.

“ಒಂದು ವಾರ ಬ್ಲಾಗ್ ಮುಚ್ಚಿಡಿ ಮೇಡಂ. ಅಷ್ಟರಲ್ಲಿ ಹಿಡೀತೀವಿ.”

“ಯಾಕೆ?”

“ನಿಮ್ಮ ಒಳ್ಳೇದಕ್ಕೆ.”

“ಆ ಹಿತೈಷಿನೂ ನನ್ನ ಒಳ್ಳೇದಕ್ಕೇ ಹೇಳ್ತಿರೋದು ಸಾರ್. ಅಂಗಡೀಲಿ ಕಳ್ಳತನ ಆದ್ರೆ ಅಂಗಡಿಯವನಿಗೆ ಬಾಗಿಲು ಹಾಕ್ಕೋ ಅಂತೀರಾ?”

ಪಕ್ಕದ ಮೇಜಿನಲ್ಲಿ ಠಾಣೆಯ ರೈಟರ್ ತಲೆ ತಗ್ಗಿಸಿ ನಕ್ಕಳು. ಎಫ್‌ಐಆರ್, ಹೇಳಿಕೆ, ಪಂಚನಾಮೆ ಎಲ್ಲ ಬರೆಯುವ ಕಾನ್‌ಸ್ಟೇಬಲ್ ಆಕೆ. ಇನ್ಸ್‌ಪೆಕ್ಟರನಿಗೆ ಮುಖ ಕೆಂಪಾಯಿತು. ಆದರೆ ಈ ಟೀಚರು ಅವನಿಗೆ ಹಿಡಿಸಿದಳು. 10.25ಕ್ಕೆ ಎಫ್‌ಐಆರ್ ದಾಖಲಾಯಿತು.

ಮೊದಲು ಟೈರು. ಪಂಕ್ಚರ್ ಅಂಗಡಿಯವನು ತೂತಿನೊಳಗೆ ಬೆರಳಾಡಿಸಿ, ಇದು ಮೊಳೆಯೂ ಅಲ್ಲ ಚಾಕುವೂ ಅಲ್ಲ, ಗೋಣಿ ಹೊಲಿಯುವ ದಬ್ಬಣದ ಗಾಯ ಎಂದ. ಖಾತೆಯ ಜಾಡು ಕೇಳಿ ಸೈಬರ್ ವಿಭಾಗಕ್ಕೆ ಪತ್ರ ಹೋಯಿತು. ಉತ್ತರಕ್ಕೆ ಹತ್ತು ದಿನ ಬೇಕೆಂದರು. ಹದಿನೆಂಟಕ್ಕೆ ಇದ್ದದ್ದು ಏಳೇ ದಿನ.

ಹನ್ನೆರಡನೇ ತಾರೀಕು ಫೈಲಿನಲ್ಲಿದ್ದ ಬೈಗುಳದ ಧಣಿಗಳಲ್ಲಿ ಹನ್ನೊಂದು ಮಂದಿಯನ್ನು ಕರೆಸಲಾಯಿತು. ಎಲ್ಲರಿಗಿಂತ ಜೋರಾಗಿ ಬೈದಿದ್ದವನು ಒಬ್ಬ ವಿಮಾ ಏಜೆಂಟ್. ಠಾಣೆಯ ಬೆಂಚಿನ ಮೇಲೆ ಅವನ ಜೋರೆಲ್ಲ ಇಳಿದುಹೋಗಿತ್ತು.

“ಈ ಮೆಸೇಜು ನಿಮ್ಮದಾ?”

“ಹೌದು ಸಾರ್. ಹಿಂದಿನ ಸೀಟಿನ ಗಂಡ ಅಂತ ಆಯಮ್ಮ ಬರೆದಿದ್ದು ನನ್ನನ್ನೇ.”

“ಹೆಸರು ಹಾಕಿದ್ರಾ?”

“ಇಲ್ಲ.”

“ಮತ್ತೆ ನಿಮ್ಮನ್ನೇ ಅಂತ ಹೇಗೆ ಗೊತ್ತಾಯ್ತು?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವರು ಆ ದಿನ ವಿಮಾ ಏಜೆಂಟ್ ಒಬ್ಬನೇ ಅಲ್ಲ. ಹನ್ನೊಂದರಲ್ಲಿ ನಾಲ್ವರು ಆ ಗಂಡ ತಾನೇ ಎಂದು ಹೇಳಿಕೆ ಕೊಟ್ಟರು. ಸೋಮವಾರ ಮಧ್ಯಾಹ್ನ ಹನ್ನೊಂದೂ ಮಂದಿ ತಂತಮ್ಮ ಕೆಲಸದ ಜಾಗದಲ್ಲಿದ್ದರು, ಸಾಕ್ಷಿಯೂ ಇತ್ತು.

ಹದಿಮೂರು, ಗುರುವಾರ. ರೈಟರ್ ಬೆಳಿಗ್ಗೆಯಿಂದ ಹಿತೈಷಿಯ ಸಂದೇಶಗಳನ್ನು ಕೇಸಿನ ಕಡತಕ್ಕೆ ಅಕ್ಷರಶಃ ನಕಲು ಮಾಡುತ್ತಿದ್ದಳು. 11.50ಕ್ಕೆ ಕೈ ನಿಲ್ಲಿಸಿದಳು.

“ಸಾರ್, ಬೈಯೋವ್ರು ಯಾರಾದ್ರೂ ಅಲ್ಪವಿರಾಮ ಹಾಕಿ ಬೈತಾರಾ?”

ಹನ್ನೊಂದು ವರ್ಷದಿಂದ ಊರಿನ ಬೈಗುಳವನ್ನೆಲ್ಲ ಟೈಪು ಮಾಡಿದ ಕೈ ಅದು. ಉಳಿದವರು ‘ನಿನ್ನ’ ಎಂಬ ಎರಡಕ್ಷರವನ್ನೇ ಮೂರು ಥರ ಬರೆದಿದ್ದರು. ಹಿತೈಷಿಯ ಏಳು ಸಂದೇಶಗಳಲ್ಲಿ ಒಂದು ಒತ್ತಕ್ಷರವೂ ಹೆಚ್ಚುಕಡಿಮೆ ಇಲ್ಲ. ಇನ್ನೂ ಒಂದು ವಿಷಯವಿತ್ತು. ಒಂಬತ್ತನೆಯ ಪ್ರಶ್ನೆಯಲ್ಲಿ ಬ್ಲಾಗಿನದೆಂದು ಒಂದು ಸಾಲನ್ನು ಉದ್ಧರಿಸಿದ್ದರು. ಮೂಲದ ಚಿತ್ರ ಲಗತ್ತಿಸಬೇಕೆಂದು ರೈಟರ್ ಬ್ಲಾಗಿನ ಇನ್ನೂರ ಹನ್ನೆರಡು ಬರಹಗಳನ್ನೂ ಜಾಲಾಡಿದ್ದಳು. ಆ ಸಾಲು ಎಲ್ಲೂ ಇರಲಿಲ್ಲ.

ಟೀಚರನ್ನು ಕರೆಸಿದರು. ಹೊಸ ಟೈರು ಹಾಕಿಸಿಕೊಂಡು, ಉಳಿದ ಏಳು ಮಂದಿಗೆ ಪಾಠ ಮುಂದುವರಿಸಿದ್ದ ಆಕೆ, ಒಬ್ಬ ಕಲಿಯುವವಳಿಂದಲೇ ಕಾರು ಓಡಿಸಿಕೊಂಡು ಠಾಣೆಗೆ ಬಂದಳು. ಇನ್ಸ್‌ಪೆಕ್ಟರ್ ಆ ಸಾಲು ಓದಿದ.

“‘ಬೋರ್ಡಿನ ತಪ್ಪು ಕಾಣುವ ಕಣ್ಣಿಗೆ ಕೆಂಪು ದೀಪ ಕಾಣುವುದಿಲ್ಲ.’ ಇದನ್ನ ಯಾವಾಗ ಬರೆದಿರಿ?”

ಹದಿನಾಲ್ಕು ಪ್ರಶ್ನೆಗಳ ನಡುವೆ ಗಮನಿಸದೇ ಹೋಗಿದ್ದ ಆ ಸಾಲನ್ನು ಆಕೆ ಹಾಳೆ ಎಳೆದುಕೊಂಡು ತಾನೇ ಓದಿದಳು.

“ಬರೆದೆ. ಆದ್ರೆ ಹಾಕಲಿಲ್ಲ. ಊರೆಲ್ಲ ಓದಿದ್ರೆ ಅವರಿಗೆ ನೋವಾಗುತ್ತೆ ಅಂತ ಹಾಕೋ ಮುಂಚೆ ತೆಗೆದುಬಿಟ್ಟೆ.”

“ಯಾರಿಗೆ?”

ಕತೆ ಹೊರಬಂತು. ಪತ್ರಿಕೆಯೊಂದರ ಅಚ್ಚುಮನೆಯಲ್ಲಿ ಮೂವತ್ತನಾಲ್ಕು ವರ್ಷ ಕರಡು ತಿದ್ದಿ ನಿವೃತ್ತರಾದ ಹಿರಿಯರೊಬ್ಬರು ಆಕೆಯಲ್ಲಿ ಕಾರು ಕಲಿಯಲು ಬಂದಿದ್ದರು. ಆಕೆ ಓದಿದ್ದು ಎಂಟನೇ ಕ್ಲಾಸು, ಕಾಗುಣಿತ ಅಷ್ಟಕ್ಕಷ್ಟೇ. ಅವರು ತಾವಾಗಿಯೇ ಬ್ಲಾಗಿನ ಬರಹ ತಿದ್ದಿಕೊಡುತ್ತೇನೆ ಎಂದರು. ಎರಡು ವರ್ಷ ಪ್ರತಿಯೊಂದನ್ನೂ ತಿದ್ದಿ ಕಳಿಸಿದರು. ಆಕೆ ಅವರನ್ನು ಮೇಷ್ಟ್ರೇ ಎಂದು ಕರೆದಳು. ಅವರು ಲೈಸೆನ್ಸ್ ಪರೀಕ್ಷೆಯಲ್ಲಿ ನಾಲ್ಕು ಸಲ ಫೇಲಾದರು. ಅಂಗಡಿ ಬೋರ್ಡಿನ ತಪ್ಪು ಓದುತ್ತಾ ನಡುರಸ್ತೆಯಲ್ಲಿ ಕಾರು ನಿಲ್ಲಿಸುವ ‘ಕರಡಜ್ಜ’ನ ಬಗ್ಗೆ ಆಕೆ ಒಂದು ತಮಾಷೆಯ ಬರಹ ಬರೆದಳು. ಅದನ್ನೂ ತಿದ್ದಲು ಅವರಿಗೇ ಕಳಿಸಿದಳು. ಅವರು ಒಂದು ಮಾತೂ ಆಡದೆ ತಿದ್ದಿ ಕಳಿಸಿದರು.

“ತಿದ್ದಿ ಕೊಟ್ರಲ್ಲ, ಒಪ್ಪಿಗೆ ಇದೆ ಅಂದ್ಕೊಂಡೆ,” ಎಂದಳು.

“ಆ ಸಾಲು ಯಾರ್‍ಯಾರು ಓದಿದ್ದಾರೆ?”

“ನಾನು. ಅವರು.”

ಹದಿನಾಲ್ಕು, ಶುಕ್ರವಾರ, ಬೆಳಿಗ್ಗೆ 11.15. ಹಿರಿಯರು ಇರುತ್ತಿದ್ದ ಮಗನ ಮನೆಯ ಹಿಂದಿನ ಕೋಣೆ. ಗೋಡೆಯುದ್ದಕ್ಕೂ ನಿಘಂಟುಗಳು, ದಾರದಲ್ಲಿ ಹೊಲಿದಿಟ್ಟ ಹಳೆಯ ಕರಡುಗಳ ಕಟ್ಟು, ಮೇಜಿನ ಮೇಲೆ ಆ ಕಟ್ಟು ಹೊಲಿಯುವ ದಬ್ಬಣ. ಇನ್ಸ್‌ಪೆಕ್ಟರನ ಕಣ್ಣು ಅಲ್ಲಿ ನಿಂತದ್ದನ್ನು ಹಿರಿಯರೂ ಕಂಡರು. ಬಚ್ಚಿಡಲು ಹೋಗಲಿಲ್ಲ.

“ಸೋಮವಾರ ಮಧ್ಯಾಹ್ನ ಎಲ್ಲಿದ್ರಿ?”

“ನಿಮಗೆ ಗೊತ್ತಿರೋ ಹಾಗಿದೆ.”

“ಯಾಕೆ ಮಾಡಿದ್ರಿ?”

“ಊರಿಗೆಲ್ಲ ನನ್ನ ಕಣ್ಣು ಕುರುಡು ಅಂತ ಸಾರಿದಳು. ಈ ಕಣ್ಣಲ್ಲೇ ಮೂವತ್ತನಾಲ್ಕು ವರ್ಷ ಅನ್ನ ತಿಂದಿದ್ದೀನಿ. ನನ್ನ ಮೊಮ್ಮಗಳು ಊಟದ ಮನೇಲಿ ಅದನ್ನ ಗಟ್ಟಿಯಾಗಿ ಓದಿದಳು. ಮಗ, ಸೊಸೆ ಎಲ್ಲ ನಕ್ಕರು. ನಾನು ಇದೇ ಕೋಣೇಲಿ ಕೂತು ಕೇಳಿದೆ.”

“ಕೆಂಪು ದೀಪದ ಸಾಲೂ ಓದಿದ್ರಾ ಅವರು?”

“ಓದಿರದೆ ಏನು?”

“ನೀವು ಬ್ಲಾಗಲ್ಲಿ ಓದಿದ್ರಾ?”

“ಕರಡಲ್ಲೇ ಓದಿದ್ದೆ. ಸಾಕಾಗಿತ್ತು. ಆ ಪುಟ ಮತ್ತೆ ತೆರೀಲಿಲ್ಲ.”

ಇನ್ಸ್‌ಪೆಕ್ಟರ್ ಫೋನಿನಲ್ಲಿ ಆ ಬರಹ ತೆಗೆದು ಅವರ ಕೈಗೆ ಕೊಟ್ಟ. ಹಿರಿಯರು ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗೆ ಓದಿದರು. ಮತ್ತೆ ಮೊದಲಿನಿಂದ ಓದಿದರು. ಮೂರನೇ ಸಲ, ಅಚ್ಚುಮನೆಯಲ್ಲಿ ಓದುತ್ತಿದ್ದ ಹಾಗೆ, ಪ್ರತಿ ಸಾಲಿನ ಕೆಳಗೆ ಬೆರಳಿಟ್ಟು ಓದಿದರು. ಆ ಸಾಲು ಇರಲಿಲ್ಲ.

“ನಿಮಗೆ ನೋವಾಗುತ್ತೆ ಅಂತ ಅವರೇ ತೆಗೆದರಂತೆ,” ಎಂದ ಇನ್ಸ್‌ಪೆಕ್ಟರ್. ಹೇಳಿದ ಮೇಲೆ ಹೇಳಬಾರದಿತ್ತೇನೋ ಅನ್ನಿಸಿತು. ಹಿರಿಯರು ಫೋನು ಹಿಂದಿರುಗಿಸಿ, ಮೇಜಿನ ಮೇಲಿದ್ದ ದಬ್ಬಣವನ್ನು ಅವನತ್ತ ಸರಿಸಿದರು.

ರೈಟರ್ ಪಂಚನಾಮೆ ಬರೆದಳು. ಎದುರುಮನೆಯವರು, ಇಸ್ತ್ರಿ ಅಂಗಡಿಯವನು ಪಂಚರು. ವಶಕ್ಕೆ ತೆಗೆದುಕೊಂಡದ್ದು: ಒಂದು, ಫೋನು, ಎರಡು, ದಬ್ಬಣ, ಮೂರು, ಬ್ಲಾಗಿನ ತಿದ್ದಿದ ಕರಡುಗಳು, ನಾಲ್ಕು, ಅವನ್ನು ತಿದ್ದಿದ ಕೆಂಪು ಪೆನ್ನು. ಓದಿ ನೋಡಿ ಸಹಿ ಹಾಕಿ ಎಂದು ಮುಂದಿಟ್ಟಾಗ ಹಿರಿಯರು ಅದೇ ಪೆನ್ನೆತ್ತಿ ಎರಡನೇ ಸಾಲಿನ ‘ಕೂಲಂಕುಷವಾಗಿ’ ಎಂಬುದನ್ನು ‘ಕೂಲಂಕಷವಾಗಿ’ ಎಂದು ತಿದ್ದಿದರು. ಆಮೇಲೆ ಸಹಿ ಹಾಕಿ, ಪೆನ್ನಿಗೆ ಮುಚ್ಚಳ ಹಾಕಿ ಒಪ್ಪಿಸಿದರು. ಇಪ್ಪತ್ತೆರಡು ವರ್ಷದಿಂದ ತಾನು ಕೋರ್ಟಿಗೆ ಒಪ್ಪಿಸಿದ ಪಂಚನಾಮೆಗಳೆಲ್ಲ ತಪ್ಪು ಎಂದು ಇನ್ಸ್‌ಪೆಕ್ಟರನಿಗೆ ಆವತ್ತು ತಿಳಿಯಿತು. 12.40ಕ್ಕೆ ಬಂಧನ.

ಮಧ್ಯಾಹ್ನ ಟೀಚರಿಗೆ ಸುದ್ದಿ ಮುಟ್ಟಿಸಿದಾಗ, ವಯಸ್ಸಾದವರು, ಬೇಕಾದರೆ ರಾಜಿಗೆ ದಾರಿಯಿದೆ ಎಂದು ಇನ್ಸ್‌ಪೆಕ್ಟರ್ ಮೆಲ್ಲಗೆ ಸೂಚಿಸಿದ. ಆಕೆಯ ಕಣ್ಣು ತುಂಬಿತ್ತು, ಆದರೆ ದನಿ ನೆಟ್ಟಗಿತ್ತು.

“ಅವರನ್ನ ಕೇಳದೆ ಬರೆದದ್ದು ನನ್ನ ತಪ್ಪು ಸಾರ್, ಅದನ್ನ ನಾನು ಊರ ಮುಂದೆ ಒಪ್ಕೋತೀನಿ. ಆದ್ರೆ ನನ್ನ ಕಾರಲ್ಲಿ ಕೂರೋವ್ರು ಬ್ರೇಕ್ ಎಲ್ಲಿದೆ ಅಂತ ಇನ್ನೂ ಕಾಲಲ್ಲಿ ಹುಡುಕೋ ಜನ. ಅವರ ಜೀವಕ್ಕೆ ಬೆದರಿಕೆ ಹಾಕಿದ್ದನ್ನ ಮನ್ನಿಸೋಕೆ ನಾನ್ಯಾರು? ಕೇಸ್ ವಾಪಸ್ ತಗೊಳ್ಳಲ್ಲ. ಬ್ಲಾಗೂ ಮುಚ್ಚಲ್ಲ.”

ಶನಿವಾರ ಜಾಮೀನು ಸಿಕ್ಕಿತು. ಪ್ರತಿ ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಠಾಣೆಗೆ ಬಂದು ಸಹಿ ಹಾಕಬೇಕೆಂಬುದು ಷರತ್ತು. ಮೊದಲ ಮಂಗಳವಾರವೇ ಹದಿನೆಂಟನೇ ತಾರೀಕಾಗಿತ್ತು.

ಸರಿಯಾಗಿ ಹತ್ತಕ್ಕೆ ಬ್ಲಾಗಿನಲ್ಲಿ ಹೊಸ ಬರಹ ಬಂತು. ರೈಟರ್ ಅದನ್ನು ಪ್ರಿಂಟ್ ತೆಗೆದು, ರಿಜಿಸ್ಟರಿನ ಪಕ್ಕದಲ್ಲಿ, ಬೆಂಚಿನಿಂದ ಎದ್ದು ಬಂದ ಹಿರಿಯರ ಮುಂದಿಟ್ಟಳು.

“ಹತ್ತು ಘಂಟೆ ಆಯಿತು. ನಾನು ಇಲ್ಲೇ ಇದ್ದೇನೆ, ನಾಳೆಯೂ ಇರುತ್ತೇನೆ. ಕರಡಜ್ಜ ಅಂತ ಬರೆದದ್ದರಲ್ಲಿ ಕೆಟ್ಟ ಉದ್ಧೇಶ ಇರಲಿಲ್ಲ. ಆದರೂ ಅವರಿಗೆ ಆದ ಭಾದೆ ನಿಜ, ಅದಕ್ಕೆ ಎಲ್ಲರ ಎದುರು ಕ್ಷಮೆ ಕೇಳುತ್ತೇನೆ. ಹೆದರಿಸಿದ್ದಕ್ಕೆ ಮಾತ್ರ ಕ್ಷಮೆ ಇಲ್ಲ. ಈ ಸಲ ಇದನ್ನು ತಿದ್ದಲು ಯಾರಿಗೂ ಕಳಿಸಿಲ್ಲ. ಇದರಲ್ಲಿರುವ ತಪ್ಪೆಲ್ಲ ನನ್ನದೇ.”

ಘಂಟೆ, ಉದ್ಧೇಶ, ಭಾದೆ. ಮೂರೂ ಕಡೆ ಹಿರಿಯರ ಬೆರಳು ನಿಂತು ಮುಂದೆ ಹೋಯಿತು. ಕೊನೆಯ ಸಾಲು ಮುಟ್ಟಿದಾಗ ಅವರ ಬಲಗೈ ತನ್ನಷ್ಟಕ್ಕೆ ಅಂಗಿಯ ಜೇಬಿಗೆ ಹೋಯಿತು. ಜೇಬಿನಲ್ಲಿ ಏನೂ ಇರಲಿಲ್ಲ. ಪೆನ್ನು ಪಂಚನಾಮೆಯ ನಾಲ್ಕನೇ ವಸ್ತುವಾಗಿ ಕೋರ್ಟಿನಲ್ಲಿತ್ತು. ರೈಟರ್ ತನ್ನ ಮೇಜಿನ ಪೆನ್ನನ್ನು ಅವರತ್ತ ತಳ್ಳಿದಳು.

ಅವರು ಅದನ್ನು ತೆಗೆದುಕೊಂಡು, ಪ್ರಿಂಟನ್ನು ಪಕ್ಕಕ್ಕೆ ಸರಿಸಿದರು.

“ಇರಲಿ ಬಿಡಮ್ಮ, ಅದು ಹಾಗೇ ಇರಲಿ,” ಎಂದರು. “ಸಹಿ ಎಲ್ಲಿ ಹಾಕಬೇಕು?”