ಅರಗು ತುಂಬಿದ ವಿಮಾನ

ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವ ನನಗೆ ಪ್ಲಾಸ್ಟಿಕ್ಕಿನ ಯುದ್ಧವಿಮಾನ ಜೋಡಿಸುವ ಹುಚ್ಚು. ಹೋದ ತಿಂಗಳು ತಂದ ಜೆಟ್ ಕಿಟ್ ಮಾತ್ರ ದರಿದ್ರದ್ದು. ರೆಕ್ಕೆ ಮೈಗೆ ಕೂರಲೇ ಇಲ್ಲ. ನಡುವೆ ಉಗುರು ತೂರುವಷ್ಟು ಸಂದು. ಸಂದು ಮುಚ್ಚುವ ಪುಟ್ಟಿ ಪೇಸ್ಟ್ ತುಂಬುವುದು ಬಿಟ್ಟು, ಕೈಯ ಅಭ್ಯಾಸದಂತೆ, ಗೊಂಬೆಗೆ ಹಚ್ಚುವ ಕೆಂಪು ಅರಗನ್ನೇ ಕಾಯಿಸಿ ಒತ್ತಿದೆ.

ಮರುದಿನ ಮಧ್ಯಾಹ್ನ ಕೋಣೆಯ ಬೀಗ ತೆಗೆದರೆ ಸಂದು ಖಾಲಿ. ಅರಗು ಮೇಜಿನ ಮೇಲೆ ಉಂಡೆಯಾಗಿ ಬಿದ್ದಿತ್ತು. ಆರಿದ ಅರಗು ಗಟ್ಟಿಯಾಗಿರಬೇಕು. ಹೇಳಲೂ ಹೇಸಿಗೆ, ಇದು ಜಗಿದು ಉಗಿದ ಎಲೆಅಡಿಕೆಯಂತೆ ಮೆತ್ತಗೆ, ಬೆಚ್ಚಗೆ, ಲೋಳೆಲೋಳೆಯಾಗಿತ್ತು. ಸಂದಿನಿಂದ ಬೆಂದ ರೇಷ್ಮೆಹುಳದ ನಾತ. ಮೂರು ಸಲ ತುಂಬಿದೆ. ಮೂರು ಸಲವೂ ಉಗಿಯಿತು.

ಹೆಂಡತಿ ಪ್ರತಿಮಾ ಸೆರಗಿನಿಂದ ಮೂಗು ಮುಚ್ಚಿಕೊಂಡು ಉಂಡೆಯನ್ನು ನೋಡಿದಳು.

"ಥೂ! ಹಲ್ಲಿನ್ ಗುರ್ತು ಐತೆ ಕಣ್ರೀ. ಮುಂದ್ಲ ಹಲ್ಲಿನ್ ಗುರ್ತು ಒಂದಿಲ್ಲ."

"ನಂದಲ್ಲ ಕಣೇ, ನಂಗೆ ಎಲ್ಲಾ ಅವೆ," ಎಂದು ಬಾಯಿ ತೆರೆದು ತೋರಿಸಿದೆ.

ಅಂದೇ ವಿಮಾನವನ್ನು ಒಲೆಗೆ ಹಾಕಿದೆ.

ನಾವು ಮುದ್ದೆ ನುಂಗುವವರು, ಅಗಿಯುವವರಲ್ಲ. ಆದರೂ ನಿನ್ನೆ ಮೊದಲ ತುತ್ತಿನಲ್ಲೇ ನನ್ನ ಮುಂದಿನ ಹಲ್ಲೊಂದು ಕಳಚಿ ಬಂತು. ನೋವಿಲ್ಲ, ರಕ್ತವಿಲ್ಲ. ಅದರ ಬುಡಕ್ಕೆ ಕೆಂಪು ಅರಗು ಮೆತ್ತಿಕೊಂಡಿತ್ತು.