ಅಂಗಳದಲ್ಲೊಂದು ಹೂಂ

"ನಿಮ್ಮ ಅಂಗಳದಲ್ಲಿ ಹ್ಯಾಡ್ಲಿ ಬೋರ್ಡಿದೆ. ಅಂದ್ರೆ ಈ ಮನೆ ವೋಟು ಹ್ಯಾಡ್ಲಿಗೇ, ಅಲ್ವಾ?"

ಹುಲ್ಲು ಕತ್ತರಿಸುವ ಯಂತ್ರ ನಿಲ್ಲಿಸಿ ತಿರುಗಿದೆ. ಗೇಟಿನಾಚೆ ಒಬ್ಬ ಉದ್ದನೆಯ ಹುಡುಗ. ಜಾರ್ಜಿಯಾದ ಜೂನ್ ಬಿಸಿಲಲ್ಲಿ ತನ್ನನ್ನು ತಾನೇ ಬೇಯಿಸಿಕೊಳ್ಳಲು ಹೊರಟವನಂತೆ ಕಪ್ಪು ಕೋಟು ಹಾಕಿದ್ದ.

"ಹ್ಯಾಡ್ಲಿ ಹೆಂಡತಿ ಬಂದು ಕೇಳಿದ್ರು. ಓಪಲ್ ಚಿಕ್ಕಮ್ಮ ಹೂಂ ಅಂದ್ಲು," ಎಂದೆ.

ಅವನು ತೃಪ್ತಿಯಿಂದ ಫೋನಿನಲ್ಲೊಂದು ಅಂಕಿ ಏರಿಸಿಕೊಂಡ. ಹೆಸರು ಡೆಸ್ಮಂಡ್ ಪೆಲ್, ಊರು ಶಿಕಾಗೊ. ಚುನಾವಣೆಗಳ ಮೇಲೆ ಬೆಟ್ ಕಟ್ಟುವುದೇ ಕಸುಬು. ಪಕ್ಷದ ಟಿಕೆಟ್ ಯಾರಿಗೆ ಎಂದು ಇಲ್ಲಿ ಜನರೇ ವೋಟು ಹಾಕಿ ಆರಿಸುತ್ತಾರೆ; ಮೊದಲ ಸುತ್ತಿನಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ವೋಟು ಬಿದ್ದಿರಲಿಲ್ಲ. ಈಗ ಉಳಿದಿದ್ದವರು ಇಬ್ಬರೇ, ಹ್ಯಾಡ್ಲಿ ಮತ್ತು ಟಗಲ್ ಅಮ್ಮ. ನಮ್ಮ ಕೌಂಟಿ, ಅಂದರೆ ಜಿಲ್ಲೆ, ಯಾರ ಕಡೆ ಎಂಬುದರ ಮೇಲೆ ಅವನ ಬೆಟ್.

ಫೋನು ನನ್ನತ್ತ ತಿರುಗಿಸಿದ. ಹ್ಯಾಡ್ಲಿ, ನೂರಕ್ಕೆ ಎಂಬತ್ತೆಂಟು.

"ನಾವಿನ್ನೂ ವೋಟೇ ಹಾಕಿಲ್ವಲ್ರೀ!"

"ಲಿಸ್ಬನ್‌ನವರು, ಒಸಾಕಾದವರು, ಎಲ್ಲ ಬೆಟ್ ಕಟ್ಟಿ ಹೇಳ್ತಿರೋ ಗೆಲುವಿನ ಲೆಕ್ಕ ಇದು."

ಪಕ್ಕದ ಕೌಂಟಿಯವರೇ ಮರೆಯುವ ಊರು ನಮ್ಮದು. ಎಲ್ಲೋ ಸಮುದ್ರದಾಚೆ, ಕಾಣದ ಮನುಷ್ಯರು ನಮ್ಮ ಮನಸ್ಸಿನೊಳಗೆ ಇಣುಕುತ್ತಿದ್ದಾರೆ. ನಾನು ನೋಡುತ್ತಿದ್ದ ಹಾಗೆಯೇ ಎಂಬತ್ತೆಂಟು ಎಂಬತ್ತೊಂಬತ್ತಾಯಿತು. ಮೈ ಜುಂ ಎಂದಿತು.

"ದಾರಿ ತೋರಿಸೋಕೆ ಜೊತೆಗೆ ಬರ್ತೀರಾ?"

"ಹೂಂ," ಎಂದೆ.

ಆ ವಾರವೆಲ್ಲ ನಾನು ಕಾರು ಓಡಿಸಿದೆ, ಅವನು ಬೋರ್ಡು ಎಣಿಸಿದ. ಬೇಸರವಾದಾಗ ನನ್ನ ನಾಟಕ. ಒಮ್ಮೆ ಟಗಲ್ ಅಮ್ಮನಾಗುತ್ತಿದ್ದೆ, ಒಮ್ಮೆ ಗಂಟಲು ಕೆರೆದು ಹ್ಯಾಡ್ಲಿಯಾಗುತ್ತಿದ್ದೆ. "ಮಹಾಜನರೇ, ಹೆಮ್, ನಿಮ್ಮ ರಸ್ತೆ ಎಲ್ಲಿದೆ ಅಂತೀರಾ? ಹೆಮ್, ದಾರಿಯಲ್ಲಿದೆ!" ಡೆಸ್ಮಂಡ್ ಕಣ್ಣೊರೆಸಿಕೊಳ್ಳುವಷ್ಟು ನಗುತ್ತಿದ್ದ. ನಗು ನಿಂತ ಮೇಲೂ ನೋಟ ನಿಲ್ಲುತ್ತಿರಲಿಲ್ಲ. ಆಗ ನನಗೂ ಗಂಟಲು ಕೆರೆಯುತ್ತಿತ್ತು, ಹ್ಯಾಡ್ಲಿಯ ಹಂಗಿಲ್ಲದೆ.

ಭಾನುವಾರ ಚರ್ಚ್ ಮುಗಿಸಿ ಚಿಕ್ಕಮ್ಮ ಬೇಯಿಸಿದ ಕಡಲೇಕಾಯಿ ಮುಂದಿಟ್ಟಳು. "ಎಷ್ಟಾಯ್ತು ಮರಿ ನಿನ್ನ ಎಣಿಕೆ?"

"ಹತ್ತು ಮನೇಲಿ ಒಂಬತ್ತು ಹ್ಯಾಡ್ಲಿ, ಮ್ಯಾಮ್."

ಚಿಕ್ಕಮ್ಮ ನಕ್ಕು ಒಳಗೆ ಹೋದಳು. ನನಗೆ ತಡೆಯಲಾಗಲಿಲ್ಲ.

"ಡೆಸ್ಮಂಡ್, ಇಲ್ಲಿ ಮುಖಕ್ಕೆ ಇಲ್ಲ ಅನ್ನೋದು ಯಾರಿಗೂ ಬರಲ್ಲ. ಬೋರ್ಡ್ ಇಡ್ಲಾ ಅಂದ್ರೆ ಇಡಿ ಅಂತೀವಿ, ಮರ್ಯಾದೆಗೆ. ಬಿರುಗಾಳಿ ಬಂದ ವರ್ಷ ಟಗಲ್ ಅಮ್ಮ ಗರಗಸ ಹಿಡ್ಕೊಂಡು ಎಲ್ಲರ ಮನೆ ಮೇಲೆ ಬಿದ್ದ ಮರ ಕಡಿದು ಕೊಟ್ರು. ಬೋರ್ಡ್ ಇಡ್ತೀರಾ ಅಂತ ಕೇಳೋಕೇ ಅವರಿಗೆ ಸಂಕೋಚ. ಕೇಳಿದ್ರೆ ಎದುರಿನವರು ಹೂಂ ಅನ್ನಲೇಬೇಕಲ್ಲ!"

ಅವನು ಫೋನಿಗೆ ಕೈ ಹಾಕುತ್ತಾನೆ ಎಂದುಕೊಂಡೆ. ಹಾಕಲಿಲ್ಲ. ಕೈಯಲ್ಲಿದ್ದ ಕಡಲೇಕಾಯಿಯನ್ನೇ ನೋಡುತ್ತ ಕೂತ.

"ಹಂಗಾದ್ರೆ, ರೋವೆನಾ... ಜೊತೆಗೆ ಬಾ ಅಂದೆ, ನೀನು ಹೂಂ ಅಂದೆ. ಕೆರೆ ಹತ್ರ ಕೂರೋಣ ಅಂದೆ, ಅದಕ್ಕೂ ನೀನು ಹೂಂ ಅಂದೆ. ಅವೂ ಬರೀ ಅಂಗಳದ ಬೋರ್ಡುಗಳೇನಾ?"

ಅಲ್ಲ ಕಣೋ ಎಂದು ಕೂಗಬೇಕೆನಿಸಿತು. ಆದರೆ ನಾನು ಏನು ಹೇಳಿದರೂ ಮರ್ಯಾದೆಯಂತೆಯೇ ಕೇಳಿಸುತ್ತಿತ್ತು. ಇಬ್ಬರೂ ಅಭ್ಯರ್ಥಿಗಳ ದನಿ ತೆಗೆಯುವ ನನಗೆ ನನ್ನದೇ ದನಿ ಸಿಗಲಿಲ್ಲ. ಅವನು ಕೋಟು ಹೆಗಲಿಗೆ ಹಾಕಿಕೊಂಡು ಹೊರಟ. ಮಂಗಳವಾರ ಮತದಾನ, ಅದು ಮುಗಿದರೆ ಅವನ ಕೆಲಸವೂ ಮುಗಿದಂತೆ.

ಮಂಗಳವಾರ ಮತದಾನ ಮುಗಿದಾಗ ಇನ್ನೂ ಬೆಳಕಿತ್ತು. ನಮ್ಮ ಮತಗಟ್ಟೆಯಾಗಿದ್ದ ಅಗ್ನಿಶಾಮಕ ಠಾಣೆಯ ಬಾಗಿಲಿಗೆ ಎಣಿಕೆ ಯಂತ್ರದ ಉದ್ದನೆಯ ಚೀಟಿ ಅಂಟಿಸಿದರು. ಜನ ಟೋಪಿ ತೆಗೆದು ಓದಿದರು, ಯಾರೂ ಕೂಗಲಿಲ್ಲ. ಟಗಲ್. ಮುಂದಿನ ಮತಗಟ್ಟೆಯಲ್ಲೂ ಟಗಲ್ ಎಂದು ಸುದ್ದಿ ಬಂತು. ಪಕ್ಕದವರ ಫೋನಿನಲ್ಲಿ ಹ್ಯಾಡ್ಲಿಯ ಅಂಕಿ ಅರವತ್ತು, ಮೂವತ್ತು, ಐದು ಎಂದು ಸದ್ದಿಲ್ಲದೆ ಉರುಳಿತು. ಬಾಯಿಬಿಟ್ಟು ಹೇಳದ ಒಂದು ಕೃತಜ್ಞತೆ ಇಡೀ ಲೋಕದ ಲೆಕ್ಕವನ್ನು ತಿದ್ದುತ್ತಿತ್ತು. ನನ್ನ ಕಣ್ಣು ತುಂಬಿತು.

ಗುಂಪಿನಾಚೆ ಡೆಸ್ಮಂಡ್ ಬಾಡಿಗೆ ಕಾರಿಗೆ ಪೆಟ್ಟಿಗೆ ತುಂಬುತ್ತಿದ್ದ. ಓಡಿ ಹೋದೆ.

"ನಾನು ಹೇಳಿದ ಮೇಲೆ ಹ್ಯಾಡ್ಲಿ ಮೇಲಿನ ಬೆಟ್ ಬದಲಾಯಿಸಿದೆ ತಾನೇ?"

"ಇಲ್ಲ."

"ಯಾಕೋ ದಡ್ಡ?"

"ನೆನಪೇ ಆಗ್ಲಿಲ್ಲ. ತಲೇಲಿ ಬೇರೆ ಪ್ರಶ್ನೆ ಇತ್ತು."

ಯಾರು ಏನು ಕೇಳಿದರೂ ಹೂಂ ಎಂದು ಬೆಳೆದವಳು ನಾನು. ನಾನಾಗಿ ಯಾರ ಬಳಿಯೂ ಏನನ್ನೂ ಕೇಳಿದವಳಲ್ಲ. ಹ್ಯಾಡ್ಲಿಯದೂ ಅಲ್ಲದ, ಟಗಲ್ ಅಮ್ಮನದೂ ಅಲ್ಲದ ಒಂದು ಸಣ್ಣ ದನಿ ಹೊರಬಂತು.

"ಹೋಗ್ಬೇಡ. ನಂಗೆ ನೀನು ಬೇಕು. ಇರ್ತೀಯಾ?"

ಅವನು ಪೆಟ್ಟಿಗೆ ಕೆಳಗಿಟ್ಟ. ನನ್ನ ಮುಖವನ್ನೇ, ಅದು ಈಗಷ್ಟೇ ಹುಟ್ಟಿತೇನೋ ಎಂಬಂತೆ ನೋಡಿದ. ಶಿಕಾಗೊದವರು ಇಷ್ಟವಿಲ್ಲದಿದ್ದರೆ ಮುಖಕ್ಕೇ ಇಲ್ಲ ಎನ್ನುತ್ತಾರಂತೆ, ಹಿಂದೆಮುಂದೆ ನೋಡದೆ.

"ಹೂಂ," ಎಂದ.